ನುಂಗಿದ ಮಾತ್ರೆ ಎಲ್ಲಿಗೆ ಹೋಗುತ್ತದೆ?



ಸಮ್ಮೇಳನದ ಆಶಯ ಭಾಷಣ ಎಂದರೆ ಭಾಷೆ, ಸಂಸ್ಕೃತಿ, ಪರಂಪರೆಯ ಬಗ್ಗೆ ಮಾತಾಡುವುದು ವಾಡಿಕೆ. ಈ ಸಲ ಸಂಘದವರು ಕೇಳಿದ್ದೇ ಬೇರೆ: ಔಷಧ ಮೈಯೊಳಗೆ ಹೋಗಿ ಏನು ಮಾಡುತ್ತದೆ ಎನ್ನುವುದನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಬೇಕು. ನಾನು ಔಷಧ ಶಾಸ್ತ್ರವನ್ನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಆದರೆ ಹೊಟ್ಟೆನೋವು ಬಂದಾಗ ನಮ್ಮಲ್ಲಿ ಯಾರೂ ಇಂಗ್ಲಿಷಿನಲ್ಲಿ ನರಳುವುದಿಲ್ಲವಲ್ಲ, ಹಾಗಾಗಿ ಒಪ್ಪಿಕೊಂಡೆ.

ಊರಿಗೆ ಹೋಗಿ ಬಂದು ಚಾಂಗಿಯಲ್ಲಿ ಇಳಿಯುವ ನಮ್ಮವರ ಸೂಟ್‌ಕೇಸಿನಲ್ಲಿ ಹುಳಿಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಇದ್ದೇ ಇರುತ್ತವೆ. ಅವುಗಳ ಪಕ್ಕದಲ್ಲೇ ಗಂಟು ಕಟ್ಟಿದ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಡೋಲೊ ಎರಡು ಸ್ಟ್ರಿಪ್, ಪ್ಯಾನ್ ಫಾರ್ಟಿ, ಕಾಂಬಿಫ್ಲಾಮ್, ಅವಿಲ್, ಹೋದ ವರ್ಷ ಯಾರಿಗೋ ಕೊಟ್ಟು ಉಳಿದ ಆಂಟಿಬಯೋಟಿಕ್ ಅರ್ಧ ಸ್ಟ್ರಿಪ್. ಯಾಕೆ ತರುತ್ತೇವೆ ಅಂತ ಕೇಳಬೇಕಾಗಿಲ್ಲ. ಇಲ್ಲಿ ಕ್ಲಿನಿಕ್ಕಿಗೆ ಹೋದರೆ ಡಾಲರಿನ ಲೆಕ್ಕ, ಕಾಯುವ ಹೊತ್ತು, ಸೂಪರ್‌ವೈಸರಿಗೆ ತೋರಿಸಬೇಕಾದ ಎಂಸಿ. ಅದರ ಬದಲು ಊರಿನ ಮಾತ್ರೆ ನುಂಗಿ ಮಲಗಿದರೆ ಆಯಿತು. ಅದನ್ನು ಬೈಯಲು ನಾನು ಬಂದಿಲ್ಲ. ಆದರೆ ಎರಡು ದೇಶದ ಔಷಧ ಒಂದೇ ಡಬ್ಬಿಯಲ್ಲಿ ಸೇರುವ ನಮ್ಮಂಥ ಮನೆಗಳಲ್ಲಿ ಒಂದು ವಿಶೇಷ ಅಪಾಯವಿದೆ. ಡಬ್ಬಿಯಲ್ಲಿರುವುದು ಹತ್ತು ಹೆಸರು, ಒಳಗಿರುವ ವಸ್ತು ಐದೇ ಇರಬಹುದು. ನಾವು ನೋಡುವುದು ಹೆಸರನ್ನು. ದೇಹಕ್ಕೆ ಹೆಸರು ಗೊತ್ತಿಲ್ಲ, ವಸ್ತು ಮಾತ್ರ ಗೊತ್ತು, ಅದು ಎಷ್ಟು ಮಿಲಿಗ್ರಾಂ ಎನ್ನುವುದು ಮಾತ್ರ ಗೊತ್ತು.

ಎಲ್ಲರಿಗೂ ಪರಿಚಯವಿರುವ ಡೋಲೊದಿಂದಲೇ ಶುರು ಮಾಡೋಣ. ಬೆಂಗಳೂರಿನ ಕಂಪನಿಯದು, ಕೋವಿಡ್ ಕಾಲದಲ್ಲಿ ಮನೆಮಾತಾಯಿತು. ಒಳಗಿರುವುದು ಪ್ಯಾರಾಸಿಟಮಾಲ್, 650 ಮಿಲಿಗ್ರಾಂ. ಇಲ್ಲಿ ಸಿಗುವ ಪ್ಯಾನಡಾಲ್ ಕೂಡ ಪ್ಯಾರಾಸಿಟಮಾಲೇ, ಸಾಮಾನ್ಯವಾಗಿ 500 ಮಿಲಿಗ್ರಾಂ.

ತಲೆನೋವಿಗೆ ಮಾತ್ರೆ ನುಂಗಿದಿರಿ. ಅದು ತಲೆಗೆ ಹೇಗೆ ಹೋಗಬೇಕು ಅಂತ ಅದಕ್ಕೆ ಹೇಗೆ ತಿಳಿಯಿತು? ತಿಳಿದಿಲ್ಲ. ಮಾತ್ರೆಗೆ ನಿಮ್ಮ ನೋವು ಎಲ್ಲಿದೆ ಎಂಬುದು ಗೊತ್ತೇ ಇಲ್ಲ. ಅದು ಜಠರದಲ್ಲಿ ಕರಗುತ್ತದೆ, ಮುಂದೆ ಸಣ್ಣ ಕರುಳಿಗೆ ಇಳಿಯುತ್ತದೆ. ಹೀರಿಕೊಳ್ಳುವ ಕೆಲಸ ಹೆಚ್ಚಾಗಿ ನಡೆಯುವುದು ಅಲ್ಲಿ, ಜಠರದಲ್ಲಲ್ಲ. ಹೊಟ್ಟೆ ತುಂಬ ಮುದ್ದೆ ಉಂಡು ಮಾತ್ರೆ ನುಂಗಿದರೆ ತಡವಾಗಿ ಕೆಲಸ ಮಾಡುವುದು ಇದಕ್ಕೇ: ಜಠರ ಅದನ್ನು ಕೆಳಗೆ ಬಿಡುವುದೇ ತಡ. ಸಣ್ಣ ಕರುಳಿನಿಂದ ರಕ್ತಕ್ಕೆ ಸೇರಿದ ಮೇಲೆ ಸೀದಾ ಇಡೀ ಮೈಗೆ ಹೋಗುವಂತಿಲ್ಲ. ಕರುಳಿನ ರಕ್ತವೆಲ್ಲ ಮೊದಲು ಲಿವರ್ ಮೂಲಕ ಹಾದು ಹೋಗಬೇಕು. ವುಡ್‌ಲ್ಯಾಂಡ್ಸ್ ಚೆಕ್‌ಪಾಯಿಂಟ್ ಇದ್ದ ಹಾಗೆ ಅಂದುಕೊಳ್ಳಿ. ಕೆಲವು ಔಷಧಗಳನ್ನು ಲಿವರ್ ಅಲ್ಲೇ ಅರ್ಧಕ್ಕಿಂತ ಹೆಚ್ಚು ತಡೆದು ಮುರಿದುಹಾಕುತ್ತದೆ. ಪ್ಯಾರಾಸಿಟಮಾಲಿನಲ್ಲಿ ಹೆಚ್ಚಿನ ಪಾಲು ದಾಟಿ ಹೋಗುತ್ತದೆ. ಅಲ್ಲಿಂದ ಹೃದಯ, ಹೃದಯದಿಂದ ಇಡೀ ಮೈ. ಕಾಲಿನ ಹೆಬ್ಬೆರಳಿಗೂ ಹೋಗುತ್ತದೆ, ಕಿವಿಯ ತುದಿಗೂ ಹೋಗುತ್ತದೆ. ಮಿದುಳಿಗೂ ಹೋಗುವುದರಿಂದ ತಲೆನೋವು ಕಡಿಮೆಯಾಗುತ್ತದೆ, ಜ್ವರ ಇಳಿಯುತ್ತದೆ. ಅಲ್ಲಿ ಅದು ಮಾಡುವ ಕೆಲಸದ ಪೂರ್ತಿ ವಿವರದ ಬಗ್ಗೆ ವಿಜ್ಞಾನಿಗಳ ನಡುವೆ ಇಂದಿಗೂ ಚರ್ಚೆ ಇದೆ. ಇಷ್ಟು ಹಳೆಯ, ಇಷ್ಟು ಸಾಮಾನ್ಯ ಮಾತ್ರೆ!

ಈಗ ಮುಖ್ಯ ಮಾತು. ದೇಹಕ್ಕೆ ಯಾವ ಔಷಧವೂ ಹೊರಗಿನದೇ. ಒಳಗೆ ಬಂದ ಕ್ಷಣದಿಂದ ಅದನ್ನು ಹೊರಹಾಕುವ ಕೆಲಸ ಶುರುವಾಗುತ್ತದೆ. ಪ್ಯಾರಾಸಿಟಮಾಲನ್ನು ಸಾಗಹಾಕುವುದು ಲಿವರಿನ ಕೆಲಸ. ಹೆಚ್ಚಿನ ಭಾಗಕ್ಕೆ ಅದು ನೀರಿನಲ್ಲಿ ಕರಗುವ ಒಂದು ತುಣುಕನ್ನು ಅಂಟಿಸಿ ಮೂತ್ರದಲ್ಲಿ ಕಳಿಸಿಬಿಡುತ್ತದೆ. ಆದರೆ ಒಂದು ಸಣ್ಣ ಪಾಲು ಬೇರೆ ದಾರಿ ಹಿಡಿದು, ವಿಷವಾಗಿ ಮಾರ್ಪಡುತ್ತದೆ. ಹೌದು, ನೀವು ಸರಿಯಾದ ಪ್ರಮಾಣದಲ್ಲಿ ನುಂಗಿದಾಗಲೂ ಆ ಸ್ವಲ್ಪ ವಿಷ ಹುಟ್ಟುತ್ತದೆ. ಏನೂ ಆಗುವುದಿಲ್ಲ, ಏಕೆಂದರೆ ಲಿವರಿನಲ್ಲಿ ಗ್ಲುಟಾಥಯೋನ್ ಎಂಬ ವಸ್ತುವಿನ ದಾಸ್ತಾನು ಇರುತ್ತದೆ. ಅದು ಆ ವಿಷವನ್ನು ಹಿಡಿದು ಅಡಗಿಸುತ್ತದೆ. ದಾಸ್ತಾನು ಮುಗಿಯುವವರೆಗೆ ಕ್ಷೇಮ. ಮುಗಿದ ಮೇಲೆ ಅದೇ ವಿಷ ಲಿವರಿನ ಜೀವಕೋಶಗಳನ್ನೇ ಕೊಲ್ಲತೊಡಗುತ್ತದೆ.

ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ 4 ಗ್ರಾಂ, ಅಂದರೆ 4000 ಮಿಲಿಗ್ರಾಂ ಮೇಲ್ಮಿತಿ. ಇದನ್ನು ಮೀರುವುದು ಎಷ್ಟು ಸುಲಭ ಅಂತ ಒಂದು ಲೆಕ್ಕ ಹಾಕಿ ನೋಡಿ. ಜ್ವರಕ್ಕೆಂದು ದಿನಕ್ಕೆ ಮೂರು ಡೋಲೊ: 1950. ಮೂಗು ಕಟ್ಟಿದೆ ಎಂದು ಇಲ್ಲಿನ ಅಂಗಡಿಯಿಂದ ಶೀತದ ಪ್ಯಾನಡಾಲ್ ತಂದು ಎರಡೆರಡರಂತೆ ಮೂರು ಸಲ: 3000. ಮೈಕೈ ನೋವಿಗೆ ರೂಮ್‌ಮೇಟ್ ಕೊಟ್ಟ ಕಾಂಬಿಫ್ಲಾಮ್ ಎರಡು. ಅದರಲ್ಲಿ ಐಬುಪ್ರೊಫೆನ್ ಜೊತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲೂ ಇದೆ: 650. ಒಟ್ಟು 5600. ಆ ಮನುಷ್ಯನ ಪ್ರಕಾರ ಅವನು ಮೂರು ಬೇರೆ ಬೇರೆ ಔಷಧ ತೆಗೆದುಕೊಂಡಿದ್ದಾನೆ, ಎಲ್ಲವೂ ಮಿತಿಯಲ್ಲೇ. ಲಿವರಿನ ಪ್ರಕಾರ ಅವನು ಒಂದೇ ಔಷಧವನ್ನು ಮಿತಿ ಮೀರಿ ತೆಗೆದುಕೊಂಡಿದ್ದಾನೆ.

ಇದರಲ್ಲಿ ಮೋಸ ಏನೆಂದರೆ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ವಾಕರಿಕೆ, ಸುಸ್ತು. ಜ್ವರದಿಂದ ಅಂದುಕೊಳ್ಳುತ್ತೇವೆ, ಇನ್ನೊಂದು ಮಾತ್ರೆ ನುಂಗುತ್ತೇವೆ. ಲಿವರ್ ಪೆಟ್ಟು ತಿಂದದ್ದು ಹೊರಗೆ ಕಾಣುವುದು ಎರಡನೆಯ, ಮೂರನೆಯ ದಿನ. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ, ಖಾಲಿಯಾದ ದಾಸ್ತಾನನ್ನು ಮತ್ತೆ ತುಂಬಿಸುತ್ತದೆ. ಆದರೆ ಎಂಟು ಗಂಟೆಯೊಳಗೆ ಕೊಟ್ಟರೆ ಅದರ ಗುಣ ಹೆಚ್ಚು. ಆದ್ದರಿಂದ ಲೆಕ್ಕ ತಪ್ಪಿದೆ ಎಂದು ಅನುಮಾನ ಬಂದರೆ, ಆರೋಗ್ಯವಾಗಿಯೇ ಇದ್ದರೂ ಆಸ್ಪತ್ರೆಗೆ ಹೋಗಬೇಕು. ದಿನವೂ ಕುಡಿಯುವವರಿಗೆ, ಸರಿಯಾಗಿ ಊಟ ಮಾಡದವರಿಗೆ, ಕಾಯಿಲೆಯಲ್ಲೂ ಉಪವಾಸ ಬಿಡದ ನಮ್ಮ ಹಿರಿಯರಿಗೆ ದಾಸ್ತಾನು ಮೊದಲೇ ಕಡಿಮೆ. ಅವರ ಮಿತಿಯೂ ಕಡಿಮೆ.

ಪ್ಯಾನ್ ಫಾರ್ಟಿಯ ದಾರಿ ಇನ್ನೂ ತಮಾಷೆಯದು. ಅದು ಆಸಿಡಿಟಿ ಮಾತ್ರೆ, ಪ್ಯಾಂಟೊಪ್ರಜೋಲ್. ಹೊಟ್ಟೆಗೆ ಹೋಗಿ ಹೊಟ್ಟೆಯಲ್ಲೇ ಕೆಲಸ ಮಾಡುತ್ತದೆ ಅಂತ ನಾವು ತಿಳಿದಿದ್ದೇವೆ. ನಿಜವಾಗಿ ಜಠರದ ಆಮ್ಲ ತಗುಲಿದರೆ ಆ ಔಷಧ ಹಾಳಾಗುತ್ತದೆ. ಅದಕ್ಕೇ ಮಾತ್ರೆಗೆ ಆಮ್ಲದಲ್ಲಿ ಕರಗದ ಒಂದು ಲೇಪ ಹಾಕಿರುತ್ತಾರೆ. ಅದು ಜಠರವನ್ನು ಸುಮ್ಮನೆ ದಾಟಿ, ಸಣ್ಣ ಕರುಳಿನಲ್ಲಿ ಕರಗಿ, ರಕ್ತ ಸೇರಿ, ಇಡೀ ಮೈ ಸುತ್ತಿ, ಹಿತ್ತಿಲ ಬಾಗಿಲಿನಿಂದ ಜಠರದ ಗೋಡೆಗೆ ಬರುತ್ತದೆ. ಆ ಗೋಡೆಯಲ್ಲಿ ಆಮ್ಲವನ್ನು ಹೊರಗೆ ತಳ್ಳುವ ಪುಟ್ಟ ಪಂಪುಗಳಿವೆ. ಅವಕ್ಕೆ ಹೋಗಿ ಅಂಟಿಕೊಂಡುಬಿಡುತ್ತದೆ. ಔಷಧ ರಕ್ತದಲ್ಲಿ ಒಂದೆರಡು ಗಂಟೆಯಲ್ಲೇ ಬಹುಪಾಲು ಮಾಯ, ಆದರೆ ಅಂಟಿಕೊಂಡ ಪಂಪು ಮತ್ತೆ ಕೆಲಸ ಮಾಡದು, ಹೊಸ ಪಂಪು ಹುಟ್ಟಬೇಕು. ಹಾಗಾಗಿ ದಿನಕ್ಕೊಂದು ಸಾಕು. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿ ಎನ್ನುವುದೂ ಇದಕ್ಕೇ: ಊಟಕ್ಕೆ ಕೂತಾಗ ಪಂಪುಗಳು ಎಚ್ಚರಗೊಳ್ಳುತ್ತವೆ, ಎಚ್ಚರವಿರುವ ಪಂಪಿಗೇ ಔಷಧ ಅಂಟುವುದು. ಹುಳಿತೇಗು ಬಂದ ಮೇಲೆ ನುಂಗಿ, ಐದು ನಿಮಿಷದಲ್ಲಿ ಕಡಿಮೆಯಾಗಲಿಲ್ಲ ಎಂದು ಇನ್ನೊಂದು ನುಂಗುವವರು ಇದನ್ನು ನೆನಪಿಡಬೇಕು. ಈ ಮಾತ್ರೆಯನ್ನು ಪುಡಿ ಮಾಡಿ ಅಜ್ಜಿಗೆ ಬೆಲ್ಲದಲ್ಲಿ ಕಲಸಿ ಕೊಡಬಾರದು. ಲೇಪ ಒಡೆದರೆ ಔಷಧ ದಾರಿಯಲ್ಲೇ ಸಾಯುತ್ತದೆ.

ಇನ್ಸುಲಿನ್ ಯಾಕೆ ಮಾತ್ರೆಯಾಗಿ ಸಿಗುವುದಿಲ್ಲ ಎಂದು ಸಕ್ಕರೆ ಕಾಯಿಲೆಯವರು ಕೇಳುತ್ತಾರೆ. ಇನ್ಸುಲಿನ್ ಒಂದು ಪ್ರೋಟೀನ್. ನುಂಗಿದರೆ ಹೊಟ್ಟೆ ಅದನ್ನು ತೊಗರಿಬೇಳೆಯಂತೆ ಜೀರ್ಣಿಸಿಕೊಳ್ಳುತ್ತದೆ, ಅಷ್ಟೆ. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ನುಂಗುವ ಇನ್ಸುಲಿನ್ ಮಾಡಲು ವರ್ಷಗಟ್ಟಲೆ ಶ್ರಮಿಸಿದೆ. ಹೊಟ್ಟೆಯನ್ನು ಏಮಾರಿಸುವುದು ಸುಲಭವಲ್ಲ.

ಮೈ ತುಂಬ ಹರಡಿದ ಔಷಧ ಒಂದು ಕಡೆ ಕೆಲಸ ಮಾಡಿ ಇನ್ನೊಂದು ಕಡೆ ಸುಮ್ಮನಿರುವುದು ಹೇಗೆ? ಇದಕ್ಕೆ ಉತ್ತರ ಹೇಳಲು ನಾನು ಗಸಗಸೆಯನ್ನು ಕರೆಯಬೇಕು. ಹಬ್ಬಕ್ಕೆ ಗಸಗಸೆ ಪಾಯಸ ಇಲ್ಲ ಎನ್ನುವ ಕೊರಗು ಇಲ್ಲಿನ ಪ್ರತಿಯೊಂದು ಕನ್ನಡದ ಅಡುಗೆಮನೆಯಲ್ಲೂ ಇದೆ. ಸಿಂಗಾಪುರಕ್ಕೆ ಗಸಗಸೆ ತರುವಂತಿಲ್ಲ, ತಂದರೆ ಕಾನೂನಿನ ತೊಂದರೆ. ಗಸಗಸೆ ಗಿಡದ ಕಾಯಿಯ ಹಾಲಿನಿಂದ ಅಫೀಮು, ಅಫೀಮಿನಿಂದ ಮಾರ್ಫಿನ್. ಬೀಜದಲ್ಲಿ ಮಾರ್ಫಿನ್ನಿನ ಅಂಶ ಅಂಟಿಕೊಂಡಿರಬಹುದು ಎಂದು ಇಲ್ಲಿನ ಮಾದಕ ವಸ್ತು ನಿಗ್ರಹದವರ ನಿಲುವು. ಪಾಯಸ ಕುಡಿದು ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೊಡೆದ ನೆನಪು ಇದ್ದವರು ನಗುತ್ತಿದ್ದೀರಿ, ಕಾಣುತ್ತಿದೆ. ಅದರಲ್ಲಿ ಬೆಲ್ಲ ಮತ್ತು ಕೊಬ್ಬರಿಯ ಪಾಲೂ ಇದೆ ಅನ್ನಿ.

ಜರ್ಮನಿಯ ಔಷಧಿ ಅಂಗಡಿಯ ಸಹಾಯಕ ಸೆರ್ಟ್ಯೂರ್ನರ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಫೀಮಿನಿಂದ ಮಾರ್ಫಿನ್ನನ್ನು ಬೇರ್ಪಡಿಸಿದ. ಅದು ನೋವು ತಗ್ಗಿಸುವುದು ಯಾಕೆ ಎಂದು ತಿಳಿಯಲು ಇನ್ನೂ ನೂರೈವತ್ತು ವರ್ಷಕ್ಕೂ ಮೇಲೆ ಬೇಕಾಯಿತು. 1973ರಲ್ಲಿ ಮಿದುಳಿನ ಜೀವಕೋಶಗಳ ಮೇಲೆ ಮಾರ್ಫಿನ್ ಹೋಗಿ ಕೂರುವ ಜಾಗಗಳು ಪತ್ತೆಯಾದವು. ಅವಕ್ಕೆ ಗ್ರಾಹಕಗಳು ಎನ್ನುತ್ತೇವೆ. ಬೀಗ ಮತ್ತು ಕೀಲಿಕೈ ಅಂದುಕೊಳ್ಳಿ. ಆಗ ಎದ್ದ ಪ್ರಶ್ನೆ ಬಹಳ ಚೆಂದದ್ದು: ಗಸಗಸೆ ಗಿಡದ ಕೀಲಿಕೈಗೆ ಹೊಂದುವ ಬೀಗವನ್ನು ಮನುಷ್ಯನ ಮಿದುಳು ಯಾಕೆ ಇಟ್ಟುಕೊಂಡಿದೆ? ಎರಡು ವರ್ಷದಲ್ಲಿ, 1975ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಜ್ ಉತ್ತರ ಕಂಡುಕೊಂಡರು. ದೇಹವೇ ತನ್ನ ನೋವನ್ನು ತಗ್ಗಿಸಿಕೊಳ್ಳಲು ಅಂಥ ಕೀಲಿಕೈ ತಯಾರಿಸುತ್ತದೆ. ಗಿಡದ್ದು ಕಳ್ಳ ಕೀಲಿ.

ಎಲ್ಲ ಔಷಧಗಳೂ ಹೀಗೆ ಗ್ರಾಹಕದ ಮೇಲೇ ಕೂರುವುದಿಲ್ಲ. ಕೆಲವು ಪಂಪನ್ನು ನಿಲ್ಲಿಸುತ್ತವೆ, ಕೆಲವು ಕಿಣ್ವವನ್ನು ಕಟ್ಟಿಹಾಕುತ್ತವೆ, ಕೆಲವು ರೋಗಾಣುವಿನ ಗೋಡೆಯನ್ನು ಕೆಡವುತ್ತವೆ. ಆದರೆ ಸೂತ್ರ ಒಂದೇ, ಔಷಧ ಎಲ್ಲ ಕಡೆ ಹೋಗುತ್ತದೆ, ತನಗೆ ಹೊಂದುವ ಬೀಗ ಇರುವಲ್ಲಿ ಕೆಲಸ ಮಾಡುತ್ತದೆ. ಒಂದೇ ಬೀಗ ಎರಡು ಕಡೆ ಇದ್ದರೆ ಎರಡು ಕಡೆಯೂ ತೆರೆಯುತ್ತದೆ. ಅಡ್ಡ ಪರಿಣಾಮ ಎನ್ನುವುದು ಬಹುಮಟ್ಟಿಗೆ ಇದೇ. ಮಾರ್ಫಿನ್ನಿನ ಬೀಗ ಕರುಳಿನಲ್ಲೂ ಇದೆ, ಅದಕ್ಕೇ ಮಲಬದ್ಧತೆ. ಉಸಿರಾಟ ನಡೆಸುವ ಮಿದುಳಿನ ಭಾಗದಲ್ಲೂ ಇದೆ, ಅದಕ್ಕೇ ಹೆಚ್ಚಾದರೆ ಸಾವು.

ಅವಿಲ್ ಇದಕ್ಕೆ ಮನೆಯ ಉದಾಹರಣೆ. ಹಿಸ್ಟಮಿನ್ ಎಂಬ ವಸ್ತು ಮೂಗಿನಲ್ಲಿ, ಚರ್ಮದಲ್ಲಿ ಸೀನು, ತುರಿಕೆ ತರುತ್ತದೆ. ಅದೇ ಹಿಸ್ಟಮಿನ್ ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುತ್ತದೆ. ಅವಿಲ್, ಇಲ್ಲಿ ಸಿಗುವ ಪಿರಿಟಾನ್, ಇಂಥವು ಹಿಸ್ಟಮಿನ್ನಿನ ಬೀಗವನ್ನು ಮುಚ್ಚುತ್ತವೆ. ಮಿದುಳಿನ ರಕ್ತನಾಳಗಳಿಗೆ ಬಿಗಿಯಾದ ಕಾವಲಿದ್ದರೂ ಈ ಹಳೆಯ ಔಷಧಗಳು ಸಲೀಸಾಗಿ ಒಳಗೆ ನುಗ್ಗುತ್ತವೆ. ಸೀನೂ ನಿಲ್ಲುತ್ತದೆ, ಎಚ್ಚರವೂ ತೂಗುತ್ತದೆ. ಸೆಟಿರಿಜಿನ್, ಲೊರಾಟಡಿನ್ ಒಳಗೆ ಹೋಗುವುದು ಕಡಿಮೆ. ಸೆಟಿರಿಜಿನ್ ಕೂಡ ಕೆಲವರಿಗೆ ತೂಕಡಿಕೆ ತರುತ್ತದೆ. ಟುವಾಸ್, ಜುರಾಂಗ್ ಕಡೆ ಶಿಪ್‌ಯಾರ್ಡಿನಲ್ಲಿ ಎತ್ತರದ ಮೇಲೆ ನಿಂತು ಕೆಲಸ ಮಾಡುವವರು, ಕ್ರೇನ್, ಫೋರ್ಕ್‌ಲಿಫ್ಟ್ ನಡೆಸುವವರು ಇಲ್ಲಿದ್ದೀರಿ. ಬೆಳಗಿನ ಪಾಳಿಗೆ ಹೋಗುವ ಮೊದಲು ಶೀತಕ್ಕೆಂದು ಅವಿಲ್ ನುಂಗಬೇಡಿ. ನನಗೆ ನಿದ್ದೆ ಬಂದಿಲ್ಲ ಎಂದು ನಿಮಗೆ ಅನ್ನಿಸಬಹುದು. ನಿದ್ದೆ ಅನ್ನಿಸದಿದ್ದರೂ ಕೈ ಒಂದು ಕ್ಷಣ ತಡವಾಗಿ ಚಲಿಸುತ್ತದೆ. ನಲವತ್ತಡಿ ಎತ್ತರದಲ್ಲಿ ಒಂದು ಕ್ಷಣ ಎಂದರೆ ಏನು ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಬಿಸಿಲಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬಗ್ಗೆ. ಸೊಂಟನೋವು, ಮಂಡಿನೋವಿಗೆ ದಿನವೂ ಒಂದು ನುಂಗುವವರಿದ್ದಾರೆ. ಇವು ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳು ಹುಟ್ಟದಂತೆ ತಡೆದು ನೋವು, ಬಾವು ಕಡಿಮೆ ಮಾಡುತ್ತವೆ. ಆಸ್ಪಿರಿನ್ ಕೆಲಸ ಮಾಡುವ ಬಗೆಯೂ ಇದೇ. ಜಾನ್ ವೇನ್ ಇದನ್ನು 1971ರಲ್ಲಿ ತೋರಿಸಿಕೊಟ್ಟ, 1982ರಲ್ಲಿ ನೊಬೆಲ್ ಬಂತು. ಆದರೆ ಪ್ರೋಸ್ಟಗ್ಲಾಂಡಿನ್ ಹುಟ್ಟುವುದು ನೋವು ಕೊಡುವುದಕ್ಕಷ್ಟೇ ಅಲ್ಲ. ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ ಅದೇ. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ಹೋಗುವ ರಕ್ತನಾಳವನ್ನು ತೆರೆದಿಡುವುದೂ ಅದೇ. ಮಧ್ಯಾಹ್ನದ ಬಿಸಿಲಲ್ಲಿ ಬೆವರು ಸುರಿಸಿ, ನೀರು ಕುಡಿಯಲು ಪುರುಸೊತ್ತಿಲ್ಲದೆ, ಮೇಲಿಂದ ನೋವಿನ ಮಾತ್ರೆ ನುಂಗಿದರೆ ಕಿಡ್ನಿಗೆ ಆ ಆಸರೆಯೂ ತಪ್ಪುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಕಿಡ್ನಿ ಸದ್ದಿಲ್ಲದೆ ಸೋಲುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಬೇಗ.

ಡೆಂಗಿಯ ವಿಷಯವೂ ಇಲ್ಲೇ ಬರುತ್ತದೆ. ನಿಮ್ಮ ಬ್ಲಾಕಿನ ಕೆಳಗೆ ಡೆಂಗಿಯ ಎಚ್ಚರಿಕೆ ಬ್ಯಾನರ್ ಕಟ್ಟಿದ್ದಾರೆ, ನಿಮಗೆ ಜ್ವರ, ಕಣ್ಣಿನ ಹಿಂದೆ ನೋವು, ಮೈ ಮುರಿದ ಹಾಗಾಗಿದೆ ಎಂದಿಟ್ಟುಕೊಳ್ಳಿ. ಕೈ ಕಾಂಬಿಫ್ಲಾಮಿಗೆ ಹೋಗುತ್ತದೆ. ಬೇಡ. ರಕ್ತ ಸೋರದಂತೆ ತೂತು ಮುಚ್ಚುವ ಕೆಲಸ ಪ್ಲೇಟ್ಲೆಟ್‌ಗಳದ್ದು. ಡೆಂಗಿಯಲ್ಲಿ ಅವುಗಳ ಸಂಖ್ಯೆಯೇ ಕುಸಿಯುತ್ತದೆ. ಐಬುಪ್ರೊಫೆನ್, ಆಸ್ಪಿರಿನ್ ಉಳಿದವುಗಳ ಕೈಯನ್ನೂ ಕಟ್ಟಿಹಾಕುತ್ತವೆ. ಆಸ್ಪಿರಿನ್ನಿನದಂತೂ ಒಮ್ಮೆ ಕಟ್ಟಿದರೆ ಬಿಚ್ಚದ ಗಂಟು. ಪ್ಲೇಟ್ಲೆಟ್ಟಿಗೆ ಬೀಜಕೇಂದ್ರವಿಲ್ಲ, ಹಾಳಾದ ಕಿಣ್ವವನ್ನು ಮತ್ತೆ ತಯಾರಿಸಿಕೊಳ್ಳಲಾರದು. ಅದು ಬದುಕಿರುವ ಎಂಟು ಹತ್ತು ದಿನವೂ ಹಾಗೇ. ಹೃದಯದ ಕಾಯಿಲೆಯವರಿಗೆ ದಿನಕ್ಕೊಂದು ಸಣ್ಣ ಆಸ್ಪಿರಿನ್ ಸಾಕಾಗುವುದು ಈ ಗುಣದಿಂದಲೇ. ಅವರಿಗೆ ಅಮೃತ, ಡೆಂಗಿಯವರಿಗೆ ವಿಷ. ಹೃದಯಕ್ಕೆಂದು ಡಾಕ್ಟರೇ ಆಸ್ಪಿರಿನ್ ಕೊಟ್ಟಿದ್ದರೆ ಜ್ವರ ಬಂದಾಗ ಅವರನ್ನೇ ಕೇಳಬೇಕು. ಉಳಿದವರಿಗೆ ಡೆಂಗಿಯ ಅನುಮಾನವಿದ್ದರೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಲೆಕ್ಕದಲ್ಲಿ, ಜೊತೆಗೆ ರಕ್ತಪರೀಕ್ಷೆ.

ಔಷಧ ಎಷ್ಟು ಹೊತ್ತು ಮೈಯಲ್ಲಿರುತ್ತದೆ ಎನ್ನುವುದನ್ನು ನಾವು ಅರ್ಧಾಯುವಿನಿಂದ ಅಳೆಯುತ್ತೇವೆ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಸಮಯ ಅದು. ಪ್ಯಾರಾಸಿಟಮಾಲಿನದು ಎರಡು ಮೂರು ಗಂಟೆ, ಅದಕ್ಕೇ ದಿನಕ್ಕೆ ಮೂರು ನಾಲ್ಕು ಸಲ. ಬಿಪಿಗೆ ಕೊಡುವ ಆಮ್ಲೋಡಿಪಿನ್ನಿನದು 30ರಿಂದ 50 ಗಂಟೆ. ಇಂದು ನುಂಗಿದ್ದರ ಅರ್ಧಕ್ಕೂ ಹೆಚ್ಚು ನಾಳೆಯೂ ಇರುತ್ತದೆ. ನಾಳಿನದು ಅದರ ಮೇಲೆ ಸೇರುತ್ತದೆ. ಹೀಗೆ ಮಟ್ಟ ಏರುತ್ತಾ ಸುಮಾರು ಒಂದು ವಾರದಲ್ಲಿ ಸಮಸ್ಥಿತಿಗೆ ಬರುತ್ತದೆ. ಇದರಿಂದ ಎರಡು ಭ್ರಮೆ ಹುಟ್ಟುತ್ತವೆ. ಒಂದು, ಎರಡು ದಿನ ನುಂಗಿದರೂ ಬಿಪಿ ಇಳಿಯಲಿಲ್ಲ, ಮಾತ್ರೆ ಸರಿಯಿಲ್ಲ. ಇನ್ನೊಂದು ಇದಕ್ಕಿಂತ ಅಪಾಯದ್ದು: ಎರಡು ದಿನ ಬಿಟ್ಟರೂ ಏನೂ ಆಗಲಿಲ್ಲ, ಬಿಪಿ ವಾಸಿಯಾಗಿದೆ. ವಾಸಿಯಾಗಿಲ್ಲ, ಹಳೆಯ ಮಾತ್ರೆ ಇನ್ನೂ ಕಾಯುತ್ತಿದೆ. ಊರಿಂದ ತಂದದ್ದು ಮುಗಿಯಿತು, ಮುಂದಿನ ತಿಂಗಳು ಭಾವ ಬರುವಾಗ ತರುತ್ತಾರೆ ಎಂದು ಒಂದು ತಿಂಗಳು ಬಿಡುವವರನ್ನು ನಾನು ಬಹಳ ನೋಡಿದ್ದೇನೆ. ಆಮ್ಲೋಡಿಪಿನ್ ಇಲ್ಲೂ ಸಿಗುತ್ತದೆ, ಅದೇ ಹೆಸರಿನಲ್ಲಿ, ಡಾಕ್ಟರ ಚೀಟಿಯ ಮೇಲೆ.

ಎಲ್ಲ ಔಷಧವೂ ಲಿವರಿನಲ್ಲೇ ಮುರಿಯುವುದಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇದ್ದ ಹಾಗೇ, ಚೂರೂ ಬದಲಾಗದೆ, ಕಿಡ್ನಿಯಿಂದ ಮೂತ್ರಕ್ಕೆ ಹೋಗುತ್ತದೆ. ಕಿಡ್ನಿ ಕುಗ್ಗಿದರೆ ಅದು ಮೈಯಲ್ಲೇ ಉಳಿದು ಕೂಡಿಕೊಳ್ಳುತ್ತದೆ. ಡಾಕ್ಟರು ವರ್ಷಕ್ಕೊಮ್ಮೆ ಕಿಡ್ನಿ ಪರೀಕ್ಷೆ ಬರೆಯುವುದು ಹಣ ಕೀಳಲು ಅಲ್ಲ.

ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತೇವೆ ಎನ್ನುವುದನ್ನು ನಮ್ಮ ಹಳೆಯ ವೈದ್ಯರು ಅನುಪಾನ ಎನ್ನುತ್ತಿದ್ದರು: ಜೇನಿನಲ್ಲಿ, ಬಿಸಿನೀರಿನಲ್ಲಿ, ತುಪ್ಪದಲ್ಲಿ. ಇಂಗ್ಲಿಷ್ ಔಷಧಕ್ಕೂ ಅನುಪಾನ ಇದೆ, ನಾವು ಮರೆತಿದ್ದೇವೆ ಅಷ್ಟೆ. ಥೈರಾಯಿಡ್ ಮಾತ್ರೆಯನ್ನು ಬೆಳಿಗ್ಗೆ ಫಿಲ್ಟರ್ ಕಾಫಿಯ ಜೊತೆ ನುಂಗಿದರೆ ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ. ಬರೀ ನೀರಿನಲ್ಲಿ ನುಂಗಿ, ಅರ್ಧ ಒಂದು ಗಂಟೆ ಬಿಟ್ಟು ಕಾಫಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ದೂರ. ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯೋಟಿಕ್ಕನ್ನು ಹಾಲು ಮೊಸರಿನ ಜೊತೆ ನುಂಗಿದರೆ ಕ್ಯಾಲ್ಸಿಯಂ ಅದನ್ನು ಕಟ್ಟಿಹಾಕುತ್ತದೆ.

ಇದರ ತಿರುವುಮುರುವು ಕೂಡ ಇದೆ. ಕೆನಡಾದಲ್ಲಿ ಡೇವಿಡ್ ಬೈಲಿ ಎಂಬವರು ಫೆಲೋಡಿಪಿನ್ ಎಂಬ ಬಿಪಿ ಔಷಧದ ಜೊತೆ ಮದ್ಯ ಸೇರಿದರೆ ಏನಾಗುತ್ತದೆ ಎಂದು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ಗೊತ್ತಾಗಬಾರದೆಂದು ಗ್ರೇಪ್‌ಫ್ರೂಟ್ ರಸ ಬೆರೆಸಿದರು. ರಕ್ತದಲ್ಲಿ ಔಷಧದ ಮಟ್ಟ ಲೆಕ್ಕಕ್ಕಿಂತ ಬಹಳ ಮೇಲೆ ಹೋಯಿತು. ಮದ್ಯದ ಕೆಲಸವಲ್ಲ, ಹಣ್ಣಿನದು! 1989ರಲ್ಲಿ ಇದು ಪ್ರಕಟವಾಯಿತು. ಕರುಳಿನ ಗೋಡೆಯಲ್ಲಿ ಔಷಧವನ್ನು ಮುರಿಯುವ ಒಂದು ಕಿಣ್ವವನ್ನು ಆ ರಸ ಹಾಳುಗೆಡವುತ್ತದೆ. ಸಿಮ್ವಾಸ್ಟಾಟಿನ್‌ನಂಥ ಕೊಲೆಸ್ಟ್ರಾಲ್ ಮಾತ್ರೆಗೂ ಇದು ಅನ್ವಯ. ನಮ್ಮ ದೇವನಹಳ್ಳಿಯ ಚಕ್ಕೋತ ಅದೇ ಕುಲದ್ದು. ಅದರಲ್ಲೂ ಅಂಥ ಅಂಶಗಳಿವೆ. ಚೀನೀ ಹೊಸ ವರ್ಷಕ್ಕೆ ಇಲ್ಲಿ ಮನೆಮನೆಗೆ ಪೊಮೆಲೊ ಹಂಚುತ್ತಾರಲ್ಲ, ಅದೂ ಚಕ್ಕೋತವೇ. ಈ ಮಾತ್ರೆ ನುಂಗುವವರು ತಿನ್ನುವ ಮೊದಲು ಫಾರ್ಮಸಿಸ್ಟನ್ನು ಒಂದು ಮಾತು ಕೇಳಿ.

ಕೊನೆಯದಾಗಿ, ಒಂದೇ ಮಾತ್ರೆ ಎಲ್ಲರಿಗೂ ಒಂದೇ ಥರ ಯಾಕಲ್ಲ? ಇದಕ್ಕೆ ಸಿಂಗಾಪುರಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕಾರ್ಬಮಜೆಪಿನ್ ಎಂಬ ಔಷಧವಿದೆ, ಮೂರ್ಛೆರೋಗಕ್ಕೆ, ಮುಖದ ನರದ ನೋವಿಗೆ ಕೊಡುತ್ತಾರೆ. ಕೋಟ್ಯಂತರ ಜನರಿಗೆ ಒಗ್ಗಿದೆ. ಆದರೆ ಬೆರಳೆಣಿಕೆಯ ಕೆಲವರಿಗೆ, ಶುರು ಮಾಡಿದ ಕೆಲವು ವಾರಗಳಲ್ಲಿ, ಸುಟ್ಟ ಗಾಯದಂತೆ ಚರ್ಮ, ಬಾಯಿಯ ಒಳಪದರ ಕಿತ್ತು ಬರುತ್ತದೆ. ಜೀವವೇ ಹೋಗಬಹುದು. 2004ರಲ್ಲಿ ತೈವಾನಿನ ವಿಜ್ಞಾನಿಗಳು ಹೀಗಾದವರಲ್ಲಿ ಎಚ್‌ಎಲ್‌ಎ-ಬಿ 1502 ಎಂಬ ಒಂದು ವಂಶವಾಹಿ ರೂಪ ಇರುವುದನ್ನು ಕಂಡರು. ಅದು ಯುರೋಪಿನವರಲ್ಲಿ ತೀರ ಅಪರೂಪ, ಚೀನೀಯರಲ್ಲಿ, ಮಲಯರಲ್ಲಿ ಹೆಚ್ಚು, ಭಾರತೀಯರಲ್ಲೂ ಉಂಟು. 2013ರಲ್ಲಿ ಸಿಂಗಾಪುರದ ಆರೋಗ್ಯ ಸಚಿವಾಲಯ ಮತ್ತು ಆರೋಗ್ಯ ವಿಜ್ಞಾನ ಪ್ರಾಧಿಕಾರ, ಅಂದರೆ ಎಚ್‌ಎಸ್‌ಎ, ಏಷ್ಯಾ ಮೂಲದ ಹೊಸ ರೋಗಿಗಳಿಗೆ ಈ ಔಷಧ ಶುರು ಮಾಡುವ ಮುನ್ನ ಈ ರಕ್ತಪರೀಕ್ಷೆ ಮಾಡುವುದೇ ಸರಿಯಾದ ಕ್ರಮ ಎಂದು ವೈದ್ಯರಿಗೆ ತಿಳಿಸಿದವು. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಪರೀಕ್ಷೆ ಬರೆದರೆ ಬೇಡದ ಖರ್ಚು ಎಂದುಕೊಳ್ಳಬೇಡಿ. ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆ ನಮಗೂ ಒಗ್ಗುತ್ತದೆ ಎನ್ನುವ ಮಾತು ಎಷ್ಟು ಪೊಳ್ಳು ಎನ್ನುವುದಕ್ಕೂ ಇದೇ ಸಾಕ್ಷಿ.

ಕೆಮ್ಮಿನ ಸಿರಪ್ಪಿನ ಕೊಡೀನ್ ಇನ್ನೊಂದು. ಲಿವರ್ ಅದರ ಒಂದು ಪಾಲನ್ನು ಮಾರ್ಫಿನ್ ಮಾಡುತ್ತದೆ. ಕೆಲವರ ಲಿವರ್ ಮಾಡುವುದೇ ಇಲ್ಲ, ಕೆಲವರದು ಬೇಗ, ಬಹಳ ಮಾಡಿಬಿಡುತ್ತದೆ. ಒಂದೇ ಚಮಚ ಒಬ್ಬರಿಗೆ ನೀರು, ಇನ್ನೊಬ್ಬರಿಗೆ ಮಂಪರು. ಊರಿಂದ ಅಪ್ಪ ಅಮ್ಮ ಬರುವಾಗ ಇದನ್ನು ಜ್ಞಾಪಕ ಇಟ್ಟುಕೊಳ್ಳಿ. ಕೊಡೀನ್ ಇರುವ ಸಿರಪ್, ನಿದ್ರೆ ಮಾತ್ರೆ, ಕೆಲವು ಮಾನಸಿಕ ಕಾಯಿಲೆಯ ಔಷಧಗಳನ್ನು ಸಿಂಗಾಪುರಕ್ಕೆ ತರಬೇಕಾದರೆ ಹೊರಡುವ ಮೊದಲೇ ಎಚ್‌ಎಸ್‌ಎಯಿಂದ ಅನುಮತಿ ಬೇಕಾಗಬಹುದು. ಉಳಿದವನ್ನೂ ಸ್ವಂತ ಬಳಕೆಗೆ, ಮೂರು ತಿಂಗಳಿಗೆ ಮೀರದಷ್ಟು ಮಾತ್ರ ತರಬಹುದು. ಅವರ ವೆಬ್‌ಸೈಟಿನಲ್ಲಿ ಔಷಧದ ಮೂಲ ಹೆಸರಿನಿಂದ ಹುಡುಕಿ ನೋಡಬಹುದು. ಕಂಪನಿ ಇಟ್ಟ ಹೆಸರು ಅಲ್ಲಿ ಸಿಗದೆ ಹೋಗಬಹುದು.

ಈ ಮೂಲ ಹೆಸರು ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುತ್ತದೆ. ಮುಂದೆ ದಪ್ಪಗೆ ಡೋಲೊ, ಹಿಂದೆ ಸಣ್ಣಗೆ ಪ್ಯಾರಾಸಿಟಮಾಲ್. ಇವತ್ತು ಮನೆಗೆ ಹೋಗಿ ಆ ಪ್ಲಾಸ್ಟಿಕ್ ಕವರನ್ನು ಟೀಪಾಯಿಯ ಮೇಲೆ ಸುರಿದು, ಹಿಂದಿನ ಹೆಸರನ್ನು ಒಂದು ಹಾಳೆಯಲ್ಲಿ ಬರೆಯಿರಿ, ಪಕ್ಕದಲ್ಲಿ ಮಿಲಿಗ್ರಾಂ. ಒಂದೇ ಹೆಸರು ಎಷ್ಟು ಸಲ ಬಂತು ನೋಡಿ. ಅಪ್ಪ ಅಮ್ಮನ ಔಷಧದ್ದೂ ಒಂದು ಪಟ್ಟಿ ಮಾಡಿ, ಫೋಟೋ ತೆಗೆದು ಫೋನಿನಲ್ಲಿಡಿ. ರಾತ್ರಿ ಎರಡು ಗಂಟೆಗೆ 995ಕ್ಕೆ ಫೋನು ಮಾಡಿ ಆಂಬುಲೆನ್ಸ್ ಬಂದಾಗ, "ಅಮ್ಮ ಬೆಳಿಗ್ಗೆ ಒಂದು ಬಿಳಿ ಮಾತ್ರೆ, ಒಂದು ಗುಲಾಬಿ ಮಾತ್ರೆ ತಗೋತಾರೆ" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಕ್ಲೊಪಿಡೊಗ್ರೆಲ್ 75 ಎಂದರೆ, ಹೃದಯಕ್ಕೆ ಸ್ಟೆಂಟ್ ಹಾಕಿರಬಹುದು, ರಕ್ತ ಬೇಗ ಹೆಪ್ಪುಗಟ್ಟದು ಎಂದು ಆ ಒಂದೇ ಪದದಿಂದ ಅವರಿಗೆ ಗೊತ್ತಾಗುತ್ತದೆ. ಇನ್ನು ಆ ಅರ್ಧ ಸ್ಟ್ರಿಪ್ ಆಂಟಿಬಯೋಟಿಕ್: ಅದನ್ನು ಪಟ್ಟಿಗೆ ಸೇರಿಸಬೇಡಿ, ಎಸೆಯಿರಿ.

ಇಲ್ಲಿನ ಫಾರ್ಮಸಿಗಳಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಇರುತ್ತಾರೆ, ಕೇಳಿದ್ದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಊರಿನ ಸ್ಟ್ರಿಪ್ ಹಿಡಿದುಕೊಂಡು ಹೋಗಿ, ಹಿಂದಿನ ಹೆಸರು ತೋರಿಸಿ, "ಇದೂ ಅದೂ ಒಂದೇನಾ?" ಎಂದು ಕೇಳಿ. ಸಂಕೋಚ ಬೇಡ, ದಿನಕ್ಕೆ ಹತ್ತು ಜನ ಕೇಳುತ್ತಾರೆ.

ಊಟಕ್ಕೆ ಮೊದಲು ಇನ್ನು ಇಪ್ಪತ್ತು ನಿಮಿಷ ಇದೆ ಎಂದು ಕಾರ್ಯದರ್ಶಿಯವರು ಸನ್ನೆ ಮಾಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ. ಎಲ್ಲರೆದುರು ಕೇಳಲಾಗದ ಪ್ರಶ್ನೆಗಳೂ ಇರುತ್ತವೆ. ಅಂಥವರಿಗೆ ನಾನು ಊಟದ ಸಾಲಿನಲ್ಲಿ ಸಿಗುತ್ತೇನೆ.